ಗ್ಯಾರೇಜಿನಲ್ಲಿ ವಿಮಾನ: ಯಾವ ತಪ್ಪಿಗೆ ನಿದ್ದೆಗೆಡಬೇಕು?

ಕಿಟ್ ತರಿಸಿಕೊಂಡು ಮನೆಯಲ್ಲೇ ವಿಮಾನ ಕಟ್ಟುವವರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳು ಈ ಸಲದವು. ವಿಮಾನ ರಚನೆಯ ತಪಾಸಣೆಯಲ್ಲಿ ದುಡಿದ ನಮ್ಮ ಅಂಕಣಕಾರರು ಉತ್ತರಿಸಿದ್ದಾರೆ.

ಪ್ರಶ್ನೆ: ಆರ್‌ವಿ-7 ಕಿಟ್‌ನ ಬಾಲದ ಭಾಗ ಕಟ್ಟುತ್ತಿದ್ದೇನೆ. ನನ್ನದು ಸಾಫ್ಟ್‌ವೇರ್ ಕೆಲಸ. ಡ್ರಿಲ್ ಹಿಡಿಯಲು ಕಲಿತದ್ದೇ ಈ ಕಿಟ್ ಬಂದ ಮೇಲೆ. ಸ್ಟೆಬಿಲೈಸರ್‌ನ ಹಿಂದಿನ ಸ್ಪಾರಿನಲ್ಲಿ ಒಂದು ರಿವೆಟ್ಟು ಸ್ವಲ್ಪ ವಾಲಿತು. ಸರಿಮಾಡೋಣವೆಂದು ಕೊರೆದು ತೆಗೆದೆ. ರಂಧ್ರ ಅಗಲವಾಯಿತು. ಅದಕ್ಕೆ ಹಾಕಿದ ಹೊಸ ರಿವೆಟ್ಟು ಇನ್ನೂ ಹೆಚ್ಚು ವಾಲಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿದೆ. ಹೊಸ ಸ್ಪಾರ್ ತರಿಸಿಬಿಡಲೇ? ರಾತ್ರಿ ಕಣ್ಣು ಮುಚ್ಚಿದರೂ ಅದೇ ಕಾಣುತ್ತದೆ.
— ಓದುಗರು, ಆಸ್ಟಿನ್, ಟೆಕ್ಸಸ್

ಉತ್ತರ: ಇನ್ನೂ ತರಿಸಬೇಡಿ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಎಲ್ಲೂ ಒಂದು ಅಳತೆ ಸಿಗಲಿಲ್ಲ. ವಾಲಿತು, ಅಗಲವಾಯಿತು, ಇನ್ನೂ ವಾಲಿತು ಎಂದಷ್ಟೇ ಇದೆ. ಎಷ್ಟು?

ಬಡಿದು ಚಪ್ಪಟೆ ಮಾಡಿದ ಕಡೆಯ ತಲೆ ರಿವೆಟ್ಟಿನ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧದಷ್ಟು ಎತ್ತರ ಇರಬೇಕೆಂಬುದು ಈ ಕೆಲಸದ ಮೂಲ ಲೆಕ್ಕ. 1/8 ಇಂಚಿನ ರಿವೆಟ್ಟಾದರೆ 3/16 ಇಂಚು ಅಗಲ, 1/16 ಇಂಚು ಎತ್ತರ. ಇದನ್ನು ನೋಡಲು ರಂಧ್ರವಿರುವ ಪುಟ್ಟ ಗೇಜು ಅಗ್ಗಕ್ಕೆ ಸಿಗುತ್ತದೆ. ಇನ್ನೊಂದು ಬದಿಯ ತಲೆ ತಗಡಿಗೆ ಅಂಟಿ ಕೂತಿದೆಯೇ, ಎಲ್ಲಾದರೂ ಬಿರುಕಿದೆಯೇ, ಸುತ್ತಲಿನ ತಗಡಿಗೆ ಪೆಟ್ಟಾಗಿದೆಯೇ ನೋಡಿ. ಅಳತೆ ಸರಿಯಿದ್ದು, ಬಿರುಕಿಲ್ಲದೆ ತುಸು ಓರೆಯಾದ ರಿವೆಟ್ಟನ್ನು ಅದರ ಪಾಡಿಗೆ ಬಿಡುವುದು ಪಳಗಿದವರ ರೂಢಿ. ಒಂದು ಆರ್‌ವಿಯಲ್ಲಿ ರಿವೆಟ್ಟುಗಳು ಹತ್ತು ಸಾವಿರ ದಾಟುತ್ತವೆ. ಹೊರೆಯನ್ನು ಸಾಲಿಗೆ ಸಾಲೇ ಹಂಚಿಕೊಂಡು ಹೊರುತ್ತದೆ. ಕೊರೆದು ತೆಗೆಯುವಾಗ ಆಗುವ ಹಾನಿ ಬಹಳ ಸಲ ಓರೆ ತಲೆಯ ಹಾನಿಗಿಂತ ದೊಡ್ಡದು. ನಿಮ್ಮ ಸ್ಪಾರಿನಲ್ಲಿ ಆಗಿರುವುದೂ ಅದೇ.

ಈಗಿನ ಸ್ಥಿತಿಗೆ ದಾರಿ ಇದೆ. ಮೂಲ ರಿವೆಟ್ಟು 1/8 ಆಗಿದ್ದರೆ ರಂಧ್ರವನ್ನು ಮುಂದಿನ ಅಳತೆಗೆ, ಅಂದರೆ 5/32 ಇಂಚಿಗೆ, ಹಿಗ್ಗಿಸಿ ಆ ಗಾತ್ರದ ರಿವೆಟ್ಟು ಹಾಕುವ ಪದ್ಧತಿ ಹಳೆಯದು. ಆದರೆ ರಂಧ್ರದ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡು ಪಟ್ಟಾದರೂ ಜಾಗ ಉಳಿಯಬೇಕು, ಇಲ್ಲಿ 5/16 ಇಂಚು. ಸ್ಪಾರು ಮುಖ್ಯ ಹೊರೆ ಹೊರುವ ಭಾಗವಾದ್ದರಿಂದ, ಈ ಅಳತೆಗಳನ್ನು ಬರೆದು, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆದು, ಕಿಟ್ ತಯಾರಕರಿಗೆ ಕಳಿಸಿ. ಅವರು ಹೂಂ ಅಂದಮೇಲೆ ಡ್ರಿಲ್ ಮುಟ್ಟಿ. ಅಂಚಿಗೆ ಜಾಗ ಸಾಲದಿದ್ದರೆ, ಅಥವಾ ರಂಧ್ರ ಎಂಟರ ಅಂಕೆಯ ಆಕಾರಕ್ಕೆ ತಿರುಗಿದ್ದರೆ, ಆಗ ಹೊಸ ಸ್ಪಾರಿನ ಮಾತು.

ಸ್ಕಿನ್ನಿನ ಮೇಲೆ, ಚಪ್ಪಟೆ ತಲೆಯ ಜಾಗದಲ್ಲಿ ಇದೇ ಪಾಡಾದರೆ ಎನ್‌ಎಎಸ್ 1097 ಎಂಬ ರಿವೆಟ್ಟಿದೆ: ಮೈ ದಪ್ಪ, ತಲೆ ಸಣ್ಣದು. ಅಗಲವಾದ ರಂಧ್ರ ತುಂಬುತ್ತದೆ, ಹಳೆಯ ತಗ್ಗಿನಲ್ಲೇ ಕೂರುತ್ತದೆ. ಬಿಲ್ಡರ್‌ಗಳ ಬಾಯಲ್ಲಿ ಅದರ ಹೆಸರೇ ‘ಊಪ್ಸ್ ರಿವೆಟ್’. ತಪ್ಪಿಗೆಂದೇ ಅಂಗಡಿಯಲ್ಲಿ ಸರಕು ಇಟ್ಟಿದ್ದಾರೆಂದರೆ ಗಿರಾಕಿ ನೀವೊಬ್ಬರೇ ಅಲ್ಲ.

ಮುಂದಿನ ಸಲ ತೆಗೆಯಲೇಬೇಕಾದರೆ ತಲೆಯಷ್ಟನ್ನೇ, ನಡುವಿನಲ್ಲಿರುವ ಚುಕ್ಕೆಯ ಗುರುತು ಹಿಡಿದು, ಕೊರೆಯಿರಿ. ಪಿನ್ ಪಂಚ್ ತೂರಿಸಿ ತಲೆಯನ್ನು ಮುರಿದು, ಹಿಂದಿನಿಂದ ಆಧಾರ ಕೊಟ್ಟು ಮೈಯನ್ನು ಹೊರಗೆ ತಟ್ಟಿ. ಡ್ರಿಲ್ ತಗಡಿನ ತನಕ ಇಳಿಯಬಾರದು.

ಪ್ರಶ್ನೆ: ನಮ್ಮ ಮನೆಯವರು ವಿಮಾನ ಕಟ್ಟಲು ಶುರುಮಾಡಿದ ಮೇಲೆ ನಮ್ಮ ಕಾರುಗಳು ಹಿಮದಲ್ಲೇ ನಿಲ್ಲುತ್ತಿವೆ. ಅದಕ್ಕೆ ಬೇಜಾರಿಲ್ಲ. ಆದರೆ ಬಾಲದ ಒಳಮೈಗೆ ಪ್ರೈಮರ್ ಹೊಡೆಯುತ್ತಾರೆ, ಉಜ್ಜುತ್ತಾರೆ, ಮತ್ತೆ ಹೊಡೆಯುತ್ತಾರೆ. ಮುಚ್ಚಿದ ಮೇಲೆ ಯಾರು ನೋಡ್ತಾರೆ ಅಂದರೆ, “ನನಗೆ ಗೊತ್ತಿರುತ್ತಲ್ಲ” ಅಂತಾರೆ. ಇಷ್ಟು ಜಾಗ್ರತೆಯವರು ಕಟ್ಟಿದ ವಿಮಾನ ಸುರಕ್ಷಿತವಾಗೇ ಇರುತ್ತೆ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅದು ನಿಜಾನಾ? ನಾನೂ ಮಗಳೂ ಅದರಲ್ಲಿ ಕೂರಬೇಕಲ್ಲ.
— ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಅಮ್ಮಾ, ನಿಮ್ಮ ಅನುಮಾನ ಸರಿಯಾದ ಕಡೆಗೇ ಹೋಗಿದೆ. ಜಾಗ್ರತೆ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನು ನೋಡಬೇಕು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಎನ್‌ಟಿಎಸ್‌ಬಿ, ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳನ್ನು ಕುರಿತು 2012ರಲ್ಲಿ ಒಂದು ಅಧ್ಯಯನ ಹೊರತಂದಿತು. ಅದರಲ್ಲಿ ಉಳಿದೆಲ್ಲವನ್ನೂ ಹಿಂದೆ ಹಾಕಿ ಮೇಲೆ ನಿಂತ ಕಾರಣಗಳು ಎರಡು: ಎಂಜಿನ್ ಕೈಕೊಡುವುದು ಮತ್ತು ಹಾರಾಟದಲ್ಲಿ ಪೈಲಟ್ ಹಿಡಿತ ತಪ್ಪುವುದು. ರಚನೆಯೇ ಮುರಿದು ಬಿದ್ದದ್ದು ಅಪರೂಪ. ರೆಕ್ಕೆ, ಬಾಲ, ರಿವೆಟ್ಟು, ಪ್ರೈಮರ್ ಎಂದು ಬಿಲ್ಡರ್‌ಗಳು ವರ್ಷಗಟ್ಟಲೆ ತಲೆಕೆಡಿಸಿಕೊಳ್ಳುವ ಭಾಗ ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ಇಂಧನದ ಪೈಪಿನ ನಟ್ಟು, ಎಂಜಿನ್ನಿನ ವೈರಿಂಗು, ಇವನ್ನು ಕೊನೆಯ ತಿಂಗಳುಗಳ ಆತುರದಲ್ಲಿ ಮುಗಿಸುವವರನ್ನು ನಾನು ಕಂಡಿದ್ದೇನೆ. ಅಚ್ಚುಕಟ್ಟಿನ ಹುಚ್ಚು ಕಣ್ಣಿಗೆ ಬೀಳುವ ಕಡೆಗೆ ಓಡುತ್ತದೆ. ತಾನೇ ಬಳಿದ ಒಳಮೈ ಕೂಡ ಮಾಡಿದವನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಸರಿಯಾಗಿ ಬಿಗಿಯದ ನಟ್ಟು ನೋಡಲು ಬಿಗಿದ ನಟ್ಟಿನ ಹಾಗೇ ಇರುತ್ತದೆ.

ಪ್ರೈಮರ್ ವಿಷಯ. ಈ ವಿಮಾನಗಳ ಸ್ಕಿನ್ನಿಗೆ ಬಳಸುವ ಆಲ್‌ಕ್ಲಾಡ್ ಹಾಳೆಯ ಎರಡೂ ಮುಖಕ್ಕೆ ಶುದ್ಧ ಅಲ್ಯೂಮಿನಿಯಮ್ಮಿನ ತೆಳು ಪದರವಿರುತ್ತದೆ. ತುಕ್ಕಿಗೆ ಅದೇ ಕಾವಲು. ಒಳಗೆ ಪ್ರೈಮರ್ ಇಲ್ಲದೆಯೇ ದಶಕಗಳಿಂದ ಹಾರುತ್ತಿರುವ ವಿಮಾನಗಳಿವೆ. ಕಡಲ ಹತ್ತಿರದವರು ಒಂದು ತೆಳು ಪದರ ಹೊಡೆದುಕೊಂಡರೆ ಒಳ್ಳೆಯದೇ. ಪದರದ ಮೇಲೆ ಪದರವೆಂದರೆ ತೂಕ, ಅದೂ ಬಾಲದಲ್ಲಿ. ಗುರುತ್ವ ಕೇಂದ್ರದಿಂದ ಅಷ್ಟು ದೂರದಲ್ಲಿ ಸೇರುವ ಒಂದೊಂದು ಪೌಂಡೂ ಆ ಕೇಂದ್ರವನ್ನು ಹಿಂದಕ್ಕೆ ಎಳೆಯುತ್ತದೆ. ಈ ಮಾತನ್ನು ನಿಮ್ಮ ಯಜಮಾನರಿಗೆ ಹೇಳಿ, ನಿಲ್ಲಿಸಿದರೂ ನಿಲ್ಲಿಸಿಯಾರು.

ಅವರನ್ನು ಏನು ಕೇಳಬೇಕೆಂದರೆ: ಇಂಧನದ ಪ್ರತಿಯೊಂದು ಜೋಡಣೆಯನ್ನೂ ಟಾರ್ಕ್ ವ್ರೆಂಚಿನಿಂದ ಬಿಗಿದು ಬಣ್ಣದ ಗುರುತು ಹಾಕುತ್ತೀರಾ? ಅದನ್ನು ಇನ್ನೊಬ್ಬರಿಗೆ ತೋರಿಸುತ್ತೀರಾ? ಮತ್ತೆ, ನೀವು ವಿಮಾನ ಹಾರಿಸಿ ಎಷ್ಟು ದಿನವಾಯಿತು? ಈ ಕೊನೆಯದಕ್ಕೆ ಉತ್ತರ ತಡವರಿಸಿದರೆ, ವಾರಾಂತ್ಯದಲ್ಲಿ ಗ್ಯಾರೇಜಿಗೆ ಬೀಗ ಹಾಕಿ ಅವರನ್ನು ಏರ್‌ಫೀಲ್ಡಿಗೆ ಕಳಿಸಿ.

ಪ್ರಶ್ನೆ: ನಾನು ಎಚ್‌ಎಎಲ್‌ನಲ್ಲಿ ಶೀಟ್ ಮೆಟಲ್ ಕೆಲಸ ಮಾಡಿ ನಿವೃತ್ತನಾದವನು. ಅಣ್ಣನ ಮಗ ಅಮೆರಿಕದಲ್ಲಿ ವಿಮಾನ ಕಟ್ಟುತ್ತಿದ್ದಾನೆ. ವಿಡಿಯೊದಲ್ಲಿ ತೋರಿಸಿದಾಗ ಕೆಲವು ರಂಧ್ರ ಅಂಚಿಗೆ ತೀರ ಹತ್ತಿರ ಕಂಡವು. ಕೇಳಿದರೆ “ನಡೆಯುತ್ತೆ ಬಿಡಿ ಚಿಕ್ಕಪ್ಪ, ಎಲ್ಲರೂ ಹೀಗೇ ಮಾಡೋದು” ಅಂದ. ನಿಮ್ಮಂಥವರು ಸಣ್ಣ ತಪ್ಪು ಪರವಾಗಿಲ್ಲ ಎಂದು ಬರೆದು ಬರೆದು ಹುಡುಗರನ್ನು ಹಾಳು ಮಾಡುತ್ತಿದ್ದೀರಿ. ನಮ್ಮ ಇನ್‌ಸ್ಪೆಕ್ಟರ್ ಮುಂದೆ ಇದು ನಡೆಯುತ್ತಿರಲಿಲ್ಲ.
— ಓದುಗರು, ಮಾರತ್ತಹಳ್ಳಿ, ಬೆಂಗಳೂರು

ಉತ್ತರ: ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು, ಸ್ವಾಮಿ. ಆದರೆ ನಿಮ್ಮ ಶಾಪಿನಲ್ಲಿ ತಪ್ಪೇ ಆಗುತ್ತಿರಲಿಲ್ಲವೆಂದು ನೀವೂ ಹೇಳಲಾರಿರಿ. ಡ್ರಾಯಿಂಗಿಗೆ ಹೊಂದದ ಭಾಗ ಬಂದರೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡುವುದು, ಡಿಸೈನಿನವರು ನೋಡಿ ಇದ್ದ ಹಾಗೇ ಬಳಸಿ, ರಿಪೇರಿ ಮಾಡಿ, ಇಲ್ಲವೇ ಸ್ಕ್ರಾಪಿಗೆ ಹಾಕಿ ಎಂದು ಬರೆದುಕೊಡುವುದು — ಕನ್ಸೆಷನ್ ಎಂದು ಇದಕ್ಕೆ ಹೆಸರಿರುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪ್ರಪಂಚದ ಯಾವ ವಿಮಾನ ಕಾರ್ಖಾನೆಯೂ ಇಂಥ ವ್ಯವಸ್ಥೆಯಿಲ್ಲದೆ ನಡೆಯುವುದಿಲ್ಲ.

ಕಿಟ್ ಲೋಕದಲ್ಲೇ ಇತ್ತೀಚಿನ ಉದಾಹರಣೆಯಿದೆ. ಒರೆಗಾನಿನ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಕಿಟ್‌ಗಳಲ್ಲಿ ಲೇಸರಿನಿಂದ ರಂಧ್ರ ಕತ್ತರಿಸಿದ ಕೆಲವು ಭಾಗಗಳು ರಿವೆಟ್ಟಿನ ತಲೆ ಕೂರುವ ತಗ್ಗು (ಡಿಂಪಲ್) ಒತ್ತಿದಾಗ ರಂಧ್ರದಂಚಿನಲ್ಲಿ ಬಿರುಕು ಬಿಡತೊಡಗಿದವು. 2023ರಲ್ಲಿ ಅದು ದೊಡ್ಡ ಗದ್ದಲವಾಯಿತು. ಕಂಪನಿ ಮಾದರಿಗಳನ್ನು ಪರೀಕ್ಷೆಗೆ ಹಾಕಿ, ಯಾವ ಭಾಗ ಬದಲಿಸಬೇಕು, ಯಾವುದನ್ನು ಬಳಸಬಹುದು ಎಂದು ವಿಂಗಡಿಸಿತು. ಬಳಸಬಹುದು ಎಂದಿದ್ದನ್ನೂ ಒಪ್ಪದ ಬಿಲ್ಡರ್‌ಗಳಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಗಿ, 2024ರಲ್ಲಿ ಅದರಿಂದ ಹೊರಬಂತು. ನೂರಾರು ಗ್ಯಾರೇಜುಗಳಲ್ಲಿ ಒಂದೇ ಪ್ರಶ್ನೆ: ಈ ಬಿರುಕು ಸಣ್ಣದೋ ದೊಡ್ಡದೋ? ಬರಿಗಣ್ಣಿಗೆ ಅದರ ಉತ್ತರ ಸಿಗುವಂತಿರಲಿಲ್ಲ.

ನಿಮ್ಮ ಹುಡುಗನ ಮಾತಿನಲ್ಲಿ ತಪ್ಪಿರುವುದು ಇಲ್ಲಿ. ಕಾರ್ಖಾನೆಯಲ್ಲಿ ಮಾಡುವವನು ಒಬ್ಬ, ಒಪ್ಪುವವನು ಇನ್ನೊಬ್ಬ. ಗ್ಯಾರೇಜಿನಲ್ಲಿ ಎರಡೂ ಅವನೇ. ನಡೆಯುತ್ತೆ ಅನ್ನುವವನೂ ಸಾಲದು ಅನ್ನುತ್ತಾ ಎಂಟು ಸಲ ಕಿತ್ತು ಹಾಕುವವನೂ ತಮ್ಮ ಕೆಲಸಕ್ಕೆ ತಾವೇ ನ್ಯಾಯಾಧೀಶರಾದವರು. ಅಮೆರಿಕದಲ್ಲಿ ಇದಕ್ಕೊಂದು ಒಳ್ಳೆಯ ಏರ್ಪಾಡಿದೆ: 1953ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿದ ಇಎಎ ಸಂಸ್ಥೆಯ ಟೆಕ್ನಿಕಲ್ ಕೌನ್ಸೆಲರ್‌ಗಳು ಮನೆಗೇ ಬಂದು, ಹಣ ಪಡೆಯದೆ, ಕೆಲಸ ನೋಡಿ ಹೇಳುತ್ತಾರೆ. ಸ್ಕಿನ್ ಮುಚ್ಚುವ ಮೊದಲು ಅವರನ್ನು ಕರೆಸಲು ಹೇಳಿ. ಅಂಚಿನ ಅಂತರ ವ್ಯಾಸದ ಎರಡು ಪಟ್ಟಿಗಿಂತ ಕಡಿಮೆಯಿದ್ದರೆ ತಯಾರಕರ ಲಿಖಿತ ಉತ್ತರವನ್ನು ತನ್ನ ಬಿಲ್ಡರ್ ಲಾಗಿಗೆ ಅಂಟಿಸಲಿ. ವಾರಕ್ಕೊಮ್ಮೆ ವಿಡಿಯೊದಲ್ಲಿ ನೀವೂ ನೋಡಿ. ಶಾಪಿನಲ್ಲಿ ಪಳಗಿದ ಅಂಥ ಕಣ್ಣು ಪುಕ್ಕಟೆ ಸಿಗುವುದು ಅವನ ಪುಣ್ಯ.

ಪ್ರಶ್ನೆ: ರೆಕ್ಕೆಯ ಸ್ಕಿನ್ ಮೇಲೆ ಗೀರು ಬಿದ್ದಿದೆ. ಬದಲಿಸಬೇಕೇ?
— ಓದುಗರು, ಸ್ಯಾನ್ ಹೋಸೆ

ಉತ್ತರ: ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಮರೆತುಬಿಡಿ. ಸಿಕ್ಕಿಕೊಂಡರೆ ಗೀರಿನ ಉದ್ದಕ್ಕೂ ನುಣ್ಣಗೆ ಉಜ್ಜಿ, ಚೂಪು ಅಂಚು ಹೋಗುವಂತೆ ಮಾಡಿ, ಪ್ರೈಮರ್ ಹಚ್ಚಿ. ಕಾವಲು ಪದರ ಪ್ರತಿ ಬದಿಗೂ ಹಾಳೆಯ ದಪ್ಪದ ಸುಮಾರು ಶೇ. 5 ಮಾತ್ರ, ಹಾಗಾಗಿ ಉಜ್ಜುವ ಉತ್ಸಾಹಕ್ಕೂ ಮಿತಿಯಿರಲಿ. ಗೀರು ಆಳವಾಗಿದ್ದು ಮಡಿಕೆಯ ಮೇಲೋ ರಿವೆಟ್ಟಿನ ಸಾಲಿನ ಮೇಲೋ ಹಾದಿದ್ದರೆ ತಯಾರಕರನ್ನು ಕೇಳಿ. ಅಂದಹಾಗೆ, ಗುರುತು ಮಾಡಲು ಸೀಸದ ಪೆನ್ಸಿಲ್ ಬಳಸುತ್ತಿದ್ದರೆ ಇಂದೇ ನಿಲ್ಲಿಸಿ; ಗ್ರಾಫೈಟು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಮಾರ್ಕರ್ ಪೆನ್ ಸಾಕು.

ಪ್ರಶ್ನೆ: ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಇಂಧನದ ವಾಲ್ವ್ ನನಗೆ ಹಿಡಿಸುತ್ತಿಲ್ಲ. ಒಳಗಿನ ಅಂದ ಕೆಡುತ್ತದೆ. ಪಕ್ಕಕ್ಕೆ ಸರಿಸಿದರೆ ಇನ್ನೂ ಚೊಕ್ಕವಾಗುತ್ತದೆ. ನಿಯಮ ಅಡ್ಡ ಬರುತ್ತದೆಯೇ?
— ಓದುಗರು, ಸಿಯಾಟಲ್

ಉತ್ತರ: ನಿಯಮ ಅಡ್ಡ ಬರುವುದಿಲ್ಲ, ನಾನು ಬರುತ್ತೇನೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಲಾಂಗ್-ಈಜ಼ಿ ವಿಮಾನ ಬಿದ್ದು ಸತ್ತರು. ಅವರದು ಬೇರೊಬ್ಬರು ಕಟ್ಟಿ, ಆಮೇಲೆ ಇವರ ಕೈಗೆ ಬಂದ ವಿಮಾನ. ಬರ್ಟ್ ರುಟಾನರ ನಕ್ಷೆಯಲ್ಲಿ ಇಂಧನದ ಟ್ಯಾಂಕು ಬದಲಿಸುವ ಹಿಡಿಕೆ ಪೈಲಟ್ಟಿನ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಎಡ ಹೆಗಲ ಹಿಂದಕ್ಕೆ ಒಯ್ದಿದ್ದರು. ಇಂಧನ ಕಾಕ್‌ಪಿಟ್ಟಿನೊಳಗೆ ಹಾಯಬಾರದೆಂಬುದು ಅವರ ಎಣಿಕೆ, ಸುರಕ್ಷತೆಯ ಯೋಚನೆಯೇ. ಆ ಹಿಡಿಕೆಗೆ ಕೈ ಚಾಚುವ ಪ್ರಯತ್ನದಲ್ಲಿ ಗಮನ ತಪ್ಪಿ, ಬಲಗಾಲು ರಡ್ಡರನ್ನು ಒತ್ತಿ, ವಿಮಾನ ಹಿಡಿತಕ್ಕೆ ಸಿಗದೆ ಹೋಯಿತು ಎಂದು ಎನ್‌ಟಿಎಸ್‌ಬಿ ತೀರ್ಮಾನಿಸಿತು. ಹಾರುವ ಮೊದಲು ಇಂಧನದ ಲೆಕ್ಕ ಸರಿಯಾಗಿ ಹಾಕದೆ ಇದ್ದದ್ದರ ಜೊತೆಗೆ, ಹಿಡಿಕೆಯ ಜಾಗವನ್ನೂ ಕಾರಣಗಳಲ್ಲಿ ಸೇರಿಸಿತು.

ಆ ವಿಮಾನದ ಫೈಬರ್ ಮೈಯಲ್ಲಿ ಒಂದು ಗುಳ್ಳೆ ಉಳಿದಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. ನಕ್ಷೆಯನ್ನು ಕೈತಪ್ಪಿ ಮೀರುವುದು ಒಂದು ಬಗೆ, ಅದಕ್ಕೆ ಅಳತೆಯಿದೆ, ರಿಪೇರಿಯಿದೆ. ಅಂದಕ್ಕಾಗಿ ಬೇಕೆಂದೇ ಮೀರುವುದಕ್ಕೆ ಅವೆರಡೂ ಇಲ್ಲ. ವಾಲ್ವು ಇದ್ದಲ್ಲೇ ಇರಲಿ. ಕಣ್ಣು ಮುಚ್ಚಿಕೊಂಡು ಕೈಗೆ ಸಿಗುತ್ತದೆಯೇ ಎಂದು ಕೂತು ಅಭ್ಯಾಸ ಮಾಡಿ.

ಪ್ರಶ್ನೆ: ನನ್ನ ವಿಮಾನ ಮುಗಿದಿದೆ, ತಪಾಸಣೆಯಾಗಿ ಸರ್ಟಿಫಿಕೇಟೂ ಬಂದಿದೆ. ಆದರೆ ಇನ್ನೊಮ್ಮೆ ಎಲ್ಲ ಬಿಚ್ಚಿ ನೋಡಿಬಿಡೋಣ ಅನ್ನಿಸುತ್ತಲೇ ಇದೆ. ವಾರಕ್ಕೊಮ್ಮೆ ಎಂಜಿನ್ ಮಾತ್ರ ಓಡಿಸುತ್ತೇನೆ. ಒಂದು ವರ್ಷವಾಯಿತು.
— ಓದುಗರು, ಫೀನಿಕ್ಸ್

ಉತ್ತರ: ಎಂಜಿನ್ನನ್ನು ನೆಲದ ಮೇಲೆ ಓಡಿಸುವುದನ್ನು ಮೊದಲು ಬಿಡಿ. ಎಣ್ಣೆ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಒಳಗಿನ ತೇವ ಹೋಗುವ ಬದಲು ಹೆಚ್ಚುತ್ತದೆ. ಲೈಕಮಿಂಗ್ ಆದರೆ ಕ್ಯಾಮ್‌ಶಾಫ್ಟು ಮೇಲ್ಭಾಗದಲ್ಲಿದೆ. ಎಣ್ಣೆ ಬೇಗ ಇಳಿದುಹೋಗಿ ಅದಕ್ಕೇ ಮೊದಲು ತುಕ್ಕು ಹಿಡಿಯುವುದು. ಸರಿಯಾಗಿದ್ದ ಜೋಡಣೆಯನ್ನು ಬಿಚ್ಚಿ ಮತ್ತೆ ಕಟ್ಟಿದರೆ ಹೊಸ ತಪ್ಪಿಗೂ ದಾರಿ. ಮರೆತ ಕಾಟರ್ ಪಿನ್ನುಗಳು ಹೆಚ್ಚಾಗಿ ಇಂಥ ‘ಇನ್ನೊಮ್ಮೆ’ಗಳಲ್ಲೇ ಮರೆತವು.

ಹಾರುವ ಹಂತವನ್ನು ನಿಮ್ಮ ಹೆದರಿಕೆಗೆ ತಕ್ಕಂತೆಯೇ ರೂಪಿಸಿದ್ದಾರೆ. ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲರ್ ಜೋಡಿಯಿದ್ದರೆ ಸಾಮಾನ್ಯವಾಗಿ 25 ಗಂಟೆ, ಇಲ್ಲದಿದ್ದರೆ 40 ಗಂಟೆ, ಗೊತ್ತುಮಾಡಿದ ಪ್ರದೇಶದೊಳಗೆ, ಪ್ರಯಾಣಿಕರಿಲ್ಲದೆ ಪರೀಕ್ಷೆ. ಅರ್ಹತೆಯುಳ್ಳ ಇನ್ನೊಬ್ಬ ಪೈಲಟ್ ಜೊತೆಗೆ ಕೂರಲು 2014ರಿಂದ ಅವಕಾಶವೂ ಇದೆ. ಮೊದಲು ಅದೇ ಮಾದರಿಯ ಬೇರೆ ವಿಮಾನದಲ್ಲಿ ಶಿಕ್ಷಕರೊಡನೆ ನಾಲ್ಕಾರು ಗಂಟೆ ಹಾರಿ ಕೈ ಕುದುರಿಸಿಕೊಳ್ಳಿ. ವಿಮಾನ ಒಂದು ವರ್ಷ ಹಾರದೆ ನಿಂತಿದ್ದರಿಂದ ಬೋರ್‌ಸ್ಕೋಪ್ ಹಾಕಿಸಿ ಸಿಲಿಂಡರ್ ನೋಡಿಸಿ, ಎಣ್ಣೆ ಬದಲಿಸಿ, ಇಂಧನದ ಫಿಲ್ಟರ್ ತೆಗೆದು ನೋಡಿ. ಈ ಸಲ ಬಿಚ್ಚಲು ಇಷ್ಟೇ ಇರುವುದು.