ಮೆದೆ ನೋಡಿ ದನ ಕಟ್ಟಿ

ತುಮಕೂರು, ಶಿರಾ, ಚಿಕ್ಕನಾಯಕನಹಳ್ಳಿ, ಕೋಲಾರದ ಕಡೆಯ ಕೆಂಪು ಮಣ್ಣಿನ ಖುಷ್ಕಿಯಲ್ಲಿ ಎರಡು ಮೂರು ಎಕರೆ ಹೊಲ, ಕೊಟ್ಟಿಗೆಯಲ್ಲಿ ಎರಡು ಹಸು, ರೊಪ್ಪದಲ್ಲಿ ಹತ್ತು ಕುರಿ, ಹಿತ್ತಲಲ್ಲಿ ಒಂದಿಷ್ಟು ಕೋಳಿ. ಇಂಥ ಬೇಸಾಯ ಮಾಡುವವರಿಗಾಗಿ ಈ ಲೇಖನ. ಸುಗ್ಗಿ ಮುಗಿದಾಗ ರಾಗಿ ಎಷ್ಟು ಚೀಲ ಆಯಿತು ಎಂದು ಎಲ್ಲರೂ ಕೇಳುತ್ತಾರೆ. ಹುಲ್ಲು ಎಷ್ಟಾಯಿತು ಎಂದು ಕೇಳುವವರು ಕಡಿಮೆ. ನಾನಾದರೆ ಹುಲ್ಲನ್ನೇ ಮೊದಲು ಕೇಳುತ್ತೇನೆ. ಕಾಳು ಕಡಿಮೆಯಾದರೆ ಪಡಿತರ ಉಂಟು, ಅಂಗಡಿ ಉಂಟು. ಮೇವು ಮುಗಿದರೆ ಏಪ್ರಿಲ್ ಬಿಸಿಲಿನಲ್ಲಿ ಕರೆಯುವ ಹಸುವನ್ನೇ ಸಂತೆಗೆ ಹೊಡೆಯಬೇಕಾಗುತ್ತದೆ. ಹಸು ಹೋದರೆ ಡೇರಿ ಬಟವಾಡೆ ನಿಲ್ಲುತ್ತದೆ, ತಿಪ್ಪೆ ಬರಿದಾಗುತ್ತದೆ, ಮುಂದಿನ ವರ್ಷದ ರಾಗಿಯೂ ಸೊರಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಮಿಶ್ರತಳಿ ಹಸುವಿಗೆ ದಿನಕ್ಕೆ 6ರಿಂದ 7 ಕೆ.ಜಿ. ಒಣಹುಲ್ಲು ಬೇಕು. ಫೆಬ್ರುವರಿಯಿಂದ ಜುಲೈವರೆಗೆ ಹೊಲದಲ್ಲಿ ಹಸಿರು ಸಿಗದ ಆರು ತಿಂಗಳಿಗೆ ಅದು ಒಂದೂಕಾಲು ಟನ್ ಹತ್ತಿರಕ್ಕೆ ಬರುತ್ತದೆ. ಮಳೆ ಆಶ್ರಯದಲ್ಲಿ ಚೆನ್ನಾಗಿ ಬಂದ ಒಂದು ಎಕರೆ ರಾಗಿ ಕೊಡುವ ಹುಲ್ಲು ಹೆಚ್ಚೂಕಡಿಮೆ ಅಷ್ಟೇ. ಅಂದರೆ ಬೇಸಿಗೆ ದಾಟಿಸಲು ಹಸುವೊಂದಕ್ಕೆ ಎಕರೆಯೊಂದು. ಎರಡು ಎಕರೆ ರಾಗಿ ಇದ್ದು ಮೂರನೆಯ ಹಸು ಕಟ್ಟುವ ಆಸೆಯಿದ್ದರೆ ಅದರ ಮೇವು ಎಲ್ಲಿಂದ ಬರುತ್ತದೆ ಎಂದು ಸಾಲಕ್ಕೆ ಸಹಿ ಹಾಕುವ ಮೊದಲೇ ಹೇಳಬಲ್ಲವರಾಗಿರಬೇಕು. ಸಂಕ್ರಾಂತಿ ಹೊತ್ತಿಗೆ ಒಕ್ಕಣೆ ಮುಗಿದಾಗ ನಾಲ್ಕು ಹೊರೆ ಹುಲ್ಲನ್ನು ತೂಗಿ, ಮೆದೆಗೆ ಎಷ್ಟು ಹೊರೆ ಹೋಯಿತೆಂದು ಎಣಿಸಿದರೆ ಸಾಕು, ಲೆಕ್ಕ ಕೈಗೆ ಸಿಗುತ್ತದೆ. ಹುಲ್ಲು ಸಾಲದೆಂದು ಕಂಡರೆ ಗಬ್ಬ ಕಟ್ಟದ ಹಸುವನ್ನೋ ಹೆಚ್ಚಾದ ಟಗರುಗಳನ್ನೋ ಜನವರಿಯಲ್ಲೇ ಮಾರಿಬಿಡಿ. ಆಗ ದನದ ಮೈಮೇಲೆ ಮಾಂಸ ಇರುತ್ತದೆ, ಕೊಳ್ಳುವವರ ಮನೆಯಲ್ಲೂ ಮೇವಿರುತ್ತದೆ. ಏಪ್ರಿಲ್‌ನಲ್ಲಿ ಊರಿಗೆ ಊರೇ ಮಾರಲು ನಿಂತಾಗ ಬೆಲೆ ಕೇಳುವವರಿರುವುದಿಲ್ಲ.

ಇರುವ ಹುಲ್ಲನ್ನು ಸತ್ವಗೊಳಿಸುವ ದಾರಿಯೂ ಇದೆ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50ರಿಂದ 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಬೇಕು. ಬಿಚ್ಚಿದ ಮೇಲೆ ಘಾಟು ಹೋಗುವವರೆಗೆ ಒಂದು ಗಂಟೆ ಗಾಳಿಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಇದು ಕೂಡದು. ಯೂರಿಯಾ ಕಲಸಿದ ನೀರಿಗೆ ದನ ಬಾಯಿಟ್ಟರೆ ಪ್ರಾಣಕ್ಕೇ ಅಪಾಯ. ಕಲಸಿದವರು ಬಕೆಟ್ ಖಾಲಿ ಮಾಡಿ, ತೊಳೆದಿಟ್ಟೇ ಜಾಗ ಬಿಡಬೇಕು. ಬತ್ತದ ಹುಲ್ಲಿಗೆ ಈ ಉಪಚಾರ ಅಗತ್ಯವೇ. ರಾಗಿ ಹುಲ್ಲು ಸ್ವಭಾವತಃ ಅದಕ್ಕಿಂತ ಮೇಲು, ಸುಣ್ಣದ ಅಂಶವೂ ಹೆಚ್ಚು, ಹಾಗಾಗಿ ಬರದ ವರ್ಷದಲ್ಲಿ ಮಾಡಿದರೆ ಸಾಕು.

ತಿಪ್ಪೆಯ ಕೆಲಸ

ಬೇಸಿಗೆಯಲ್ಲಿ ಹೊಲ ಖಾಲಿ ಇದ್ದರೂ ಕೊಟ್ಟಿಗೆಯ ಹಿಂದೆ ಕೆಲಸ ಇದೆ. ದನದ ಮೈಯಿಂದ ಹೊರಬರುವ ಸಾರಜನಕದಲ್ಲಿ ಸುಮಾರು ಅರ್ಧ ಗಂಜಲದಲ್ಲಿರುತ್ತದೆ, ಪೊಟ್ಯಾಶ್‌ನ ಹೆಚ್ಚಿನ ಪಾಲೂ ಅದರಲ್ಲೇ. ಸಗಣಿಯನ್ನು ಜೋಪಾನವಾಗಿ ಬಾಚಿ ಗಂಜಲವನ್ನು ಮೋರಿಗೆ ಬಿಡುವ ಮನೆಗಳೇ ಹೆಚ್ಚು. ದನ ತಿನ್ನದೆ ಬಿಟ್ಟ ಹುಲ್ಲು, ಹೊಟ್ಟು, ಒಣಗಿದ ಎಲೆಯನ್ನು ರಾತ್ರಿ ದನದ ಕಾಲಡಿಗೆ ಹರಡಿ. ಗಂಜಲ ಹೀರಿದ ಆ ಕಸವನ್ನು ಬೆಳಗ್ಗೆ ಸಗಣಿಯ ಜೊತೆ ಗುಂಡಿಗೆ ಹಾಕಿ. ಗುಂಡಿ ಮೂರಡಿ ಆಳ ಇರಲಿ, ಮೇಲೆ ನೆರಳಿರಲಿ, ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚಿ.

ಗೊಬ್ಬರವನ್ನು ಏಪ್ರಿಲ್‌ನಲ್ಲೇ ಹೊಲಕ್ಕೆ ಸಾಗಿಸಿ, ಸಣ್ಣ ಸಣ್ಣ ಗುಡ್ಡೆ ಮಾಡಿ, ಮಳೆ ಬರುವವರೆಗೆ ಬಿಸಿಲಿಗೆ ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಲ್ಲಿದ್ದ ಸಾರಜನಕದ ಒಂದು ಪಾಲು ಅಷ್ಟು ದಿನದಲ್ಲಿ ಗಾಳಿಗೆ ಹೋಗಿರುತ್ತದೆ. ಉಳುಮೆಗೆ ಎರಡು ದಿನ ಇರುವಾಗ ಸಾಗಿಸಿ, ಹರಡಿದ ದಿನವೇ ಮಣ್ಣಿಗೆ ಸೇರಿಸಿ. ಎಕರೆಗೆ 3 ಟನ್ ಸೇರಿದರೆ ಮಳೆಯಾಶ್ರಿತ ರಾಗಿಗೆ ಸಾಕು. ಕುರಿ ಮಂದೆ ನಿಲ್ಲಿಸುವವರು ಊರ ಕಡೆ ಬಂದರೆ ಬಿಡಬೇಡಿ. ಸ್ವಂತ ಹತ್ತು ಕುರಿ ಇರುವವರು ತಡಿಕೆಯ ರೊಪ್ಪವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹೊಲದಲ್ಲೇ ಸರಿಸುತ್ತಾ ಹೋದರೆ ಹೊರುವ ಕೂಲಿಯೂ ಉಳಿಯಿತು, ಗಂಜಲವೂ ಬಿದ್ದ ಜಾಗದಲ್ಲೇ ಇಂಗಿತು.

ಕೃತ್ತಿಕೆ, ರೋಹಿಣಿ ಮಳೆ ಬೀಳುವ ಮೊದಲು, ಅಂದರೆ ಮೇ ತಿಂಗಳಲ್ಲಿ, ಲಸಿಕೆಯ ಸರದಿ. ದನಗಳಿಗೆ ಗಳಲೆ ರೋಗ ಮತ್ತು ಚಪ್ಪೆ ರೋಗದ್ದು, ಕುರಿಗಳಿಗೆ ಕರುಳು ಬೇನೆಯದು. ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನು ಹಸಿದ ಕುರಿ ಒಂದೇ ಸಮನೆ ಮೇದಾಗ ಕರುಳಿನಲ್ಲಿ ಮೊದಲೇ ಇದ್ದ ರೋಗಾಣು ಹೆಚ್ಚಿ ವಿಷ ಬಿಡುತ್ತದೆ. ಚೆನ್ನಾಗಿ ಮೇಯುವ, ದಷ್ಟಪುಷ್ಟ ಮರಿಯೇ ಬೆಳಗ್ಗೆ ಸತ್ತು ಬಿದ್ದಿರುವುದು ಇದರಿಂದ. ಚಪ್ಪೆ ರೋಗವೂ ಹಾಗೆಯೇ, ಎಳೆಯ ಪ್ರಾಯದ ಕೊಬ್ಬಿದ ಕರುಗಳನ್ನೇ ಹುಡುಕಿ ಹಿಡಿಯುತ್ತದೆ. ರೋಗ ಬಂದ ಮೇಲೆ ಇವೆರಡಕ್ಕೂ ಚಿಕಿತ್ಸೆಗೆ ಸಮಯ ಸಿಗುವುದು ಅಪರೂಪ. ಜಂತುನಾಶಕವನ್ನೂ ಇದೇ ವೇಳೆಗೆ ಕೊಡಿಸಿ. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಪಶುಪಾಲನಾ ಇಲಾಖೆಯವರು ಊರಿಗೇ ಬಂದು ಹಾಕುತ್ತಾರೆ. ಲಸಿಕೆ ಹಾಕಿದರೆ ಹಾಲು ಇಳಿಯುತ್ತದೆಂದು ಕರೆಯುವ ಹಸುವನ್ನು ಬಚ್ಚಿಡುವುದು ಬೇಡ. ಎರಡು ಮೂರು ದಿನ ಇಳಿದ ಹಾಲು ಮತ್ತೆ ಏರುತ್ತದೆ. ಜ್ವರ ಬಂದು ಕೆಚ್ಚಲು ಕೆಟ್ಟರೆ ಏರುವುದಿಲ್ಲ.

ಬಿತ್ತನೆ

ನಮ್ಮ ಭಾಗದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಪುನರ್ವಸು, ಪುಷ್ಯ ಮಳೆಗೆ ಬಿತ್ತಿದ ರಾಗಿ ಉತ್ತರೆ, ಹಸ್ತದ ಹೊತ್ತಿಗೆ ತೆನೆ ಹೊರಡುತ್ತದೆ, ಹೆಚ್ಚು ನೀರು ಬೇಕಾದಾಗ ಹೆಚ್ಚು ಮಳೆ ಸಿಗುತ್ತದೆ. ಹಿರಿಯರು ನಕ್ಷತ್ರ ನೋಡಿ ಬಿತ್ತುತ್ತಿದ್ದುದರ ಹಿಂದೆ ಇದ್ದದ್ದು ಈ ಅನುಭವ. ಜೂನ್ ಕೊನೆಗೇ ಹದ ಸಿಕ್ಕರೆ ನಾಲ್ಕು ತಿಂಗಳ ಎಂ.ಆರ್.-6 ಹಾಕಿ, ಎತ್ತರ ಬೆಳೆದು ಹುಲ್ಲು ಹೆಚ್ಚು ಕೊಡುತ್ತದೆ. ಜುಲೈ ಆದರೆ 110ರಿಂದ 115 ದಿನದ ಜಿ.ಪಿ.ಯು.-28. ಆಗಸ್ಟ್ ಕೊನೆಯಾದರೆ 100 ದಿನದೊಳಗಿನ ಜಿ.ಪಿ.ಯು.-48. ಜಿ.ಪಿ.ಯು.-28 ನಮ್ಮ ಹೊಲಗಳಲ್ಲಿ ಇಷ್ಟು ವರ್ಷ ನಿಂತದ್ದು ಬೆಂಕಿ ರೋಗವನ್ನು ತಡೆಯುವ ಗುಣದಿಂದ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ನಾಡ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ತಂದ ಇಂಡಾಫ್ ತಳಿಗಳ ವಂಶ ಅದರಲ್ಲೂ ಇದೆ. ರಾಗಿ ಉಣ್ಣುವ ಪ್ರತಿ ಮನೆಯೂ ಆ ಮಹನೀಯರಿಗೆ ಋಣಿ.

ಬೀಜ ಎಕರೆಗೆ 5 ಕೆ.ಜಿ. ಸಾಕು. ಮಳೆ ಕೈಕೊಡುವ ಜಾಗವಾದರೆ ಬೀಜವನ್ನು ಹದಗೊಳಿಸಿ ಬಿತ್ತಿ. ಕಿಲೋ ಬೀಜಕ್ಕೆ ಒಂದು ಲೀಟರ್ ನೀರಿನಂತೆ 6 ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಬಿಗಿಯಾಗಿ ಕಟ್ಟಿಡಿ. ಮೊಳಕೆಯ ಸುಳಿವು ಕಂಡ ಕೂಡಲೇ ನೆರಳಲ್ಲಿ ಎರಡು ದಿನ ಒಣಗಿಸಿ. ಹೀಗೆ ಮಾಡಿದ ಬೀಜ ಹೊಲದಲ್ಲಿ ಬೇಗ ಹುಟ್ಟುತ್ತದೆ, ಎಳೆಯ ಪೈರು ಬರವನ್ನು ಹೆಚ್ಚು ತಾಳುತ್ತದೆ. ಬಿತ್ತುವಾಗ ಎಕರೆಗೆ ಡಿ.ಎ.ಪಿ. 35 ಕೆ.ಜಿ., ಯೂರಿಯಾ 8 ಕೆ.ಜಿ. ಕೊಡಿ. ಪೊಟ್ಯಾಶ್ ಮಣ್ಣು ಪರೀಕ್ಷೆಯ ಚೀಟಿ ನೋಡಿ ಹಾಕಿ. ನಾಲ್ಕನೆಯ ವಾರದಲ್ಲಿ ಎಡೆಕುಂಟೆ ಹೊಡೆದ ಮೇಲೆ, ನೆಲದಲ್ಲಿ ತೇವ ಇದ್ದರೆ ಮಾತ್ರ, ಇನ್ನು 22 ಕೆ.ಜಿ. ಯೂರಿಯಾ.

ಅಕ್ಕಡಿ ಬಿಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ. ಹೊಲದ ಅಂಚಿಗೆ ಹುಚ್ಚೆಳ್ಳು, ಜೋಳ. ಮುದ್ದೆಗೆ ಸಾರು ಈ ಸಾಲುಗಳಿಂದ ಬರುತ್ತದೆ. ಸೆಪ್ಟೆಂಬರ್ ಮಳೆ ತಪ್ಪಿ ರಾಗಿ ಜಳ್ಳಾದ ವರ್ಷವೂ ಅಕ್ಟೋಬರ್‌ನಲ್ಲಿ ಒಂದು ಹದ ಮಳೆ ಬಿದ್ದರೆ ತೊಗರಿ, ಅವರೆ ಚೇತರಿಸಿಕೊಳ್ಳುತ್ತವೆ. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾದಾಗಲೇ ಹೂ ಬಿಡುವ ಜಾತಿ. ವರ್ಷವಿಡೀ ಕಾಯಿ ಬೇಕೆನ್ನುವವರಿಗೆ ಹೆಬ್ಬಾಳದ ಎಚ್.ಎ.-3, ಎಚ್.ಎ.-4 ಇವೆ. ಅವರೆಯ ಹಂಬು, ತೊಗರಿಯ ಹೊಟ್ಟು ಕುರಿಗೆ ರಾಗಿ ಹುಲ್ಲಿಗಿಂತ ಪುಷ್ಟಿ. ಈಚೆಗೆ ಅಕ್ಕಡಿ ಕಡಿಮೆಯಾಗಲು ಎರಡು ಕಾರಣ ನನಗೆ ಕಾಣುತ್ತವೆ. ಒಂದು ಕೊಯ್ಲು ಯಂತ್ರ. ನಡುವೆ ತೊಗರಿ ನಿಂತಿದ್ದರೆ ಅದು ಆಡುವುದು ಕಷ್ಟ. ಇನ್ನೊಂದು ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿ. ಅದು ಕಳೆಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳನ್ನೂ ಸುಡುತ್ತದೆ, ಹೆಂಗಸರು ಸಾಲುಗಳ ನಡುವೆ ಕಿತ್ತು ತರುವ ಬೆರಕೆ ಸೊಪ್ಪನ್ನೂ ಸುಡುತ್ತದೆ. ಎರಡು ಎಕರೆಯವರಿಗೆ ಎರಡು ಸಲ ಎಡೆಕುಂಟೆ, ಒಂದು ಕೈಗಳೆ ಸಾಕು. ಕೂಲಿಯ ಕಷ್ಟ ನಿಜ, ಆದರೆ ಕಿತ್ತ ಕಳೆ ಮೇವಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಜೋಳದ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಪೈರು, ಕೊಯ್ದ ಮೇಲೆ ಬುಡದಿಂದ ಒಡೆದ ಕೂಳೆಯ ಚಿಗುರು, ಎರಡರಲ್ಲೂ ಸೈನೈಡ್ ವಿಷ ಇರುತ್ತದೆ. ಹೂ ಬಂದ ಮೇಲೆ ಕೊಯ್ದು ಹಾಕಿದರೆ ಭಯವಿಲ್ಲ.

ಆಗಸ್ಟ್‌ನಿಂದ ನವೆಂಬರ್‌ವರೆಗೆ ಬದುಗಳಲ್ಲಿ ಹಸಿರು ಧಾರಾಳ. ಹಸು ಕರು ಹಾಕುವುದು ಆ ಹೊತ್ತಿಗೇ ಬಂದರೆ ಹೆಚ್ಚು ಹಾಲಿನ ತಿಂಗಳುಗಳಿಗೆ ಹಸಿ ಮೇವು ಸಿಗುತ್ತದೆ, ಹಿಂಡಿಯ ಖರ್ಚು ಇಳಿಯುತ್ತದೆ. ಗರ್ಭದ ಅವಧಿ ಒಂಬತ್ತು ತಿಂಗಳ ಮೇಲೆ ಒಂದು ವಾರ ಹತ್ತು ದಿನ. ಹಾಗಾಗಿ ನವೆಂಬರ್, ಡಿಸೆಂಬರ್‌ನಲ್ಲಿ ಬೆದೆಗೆ ಬಂದದ್ದನ್ನು ತಪ್ಪಿಸಿಕೊಳ್ಳಬೇಡಿ. ಬೆಳಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಕುರಿಗೆ ಐದು ತಿಂಗಳು. ಜೂನ್, ಜುಲೈನಲ್ಲಿ ಟಗರು ಬಿಟ್ಟರೆ ಕೊಯ್ಲಾದ ಹೊಲ ಮೇಯುವ ಕಾಲಕ್ಕೆ ಮರಿ ಹುಟ್ಟುತ್ತವೆ. ಹುಟ್ಟಿದ ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣು ಹಾಲು ಹೊಟ್ಟೆಗಿಳಿಯಬೇಕು, ದಿನಕ್ಕೆ ಅದರ ತೂಕದ ಹತ್ತರಲ್ಲೊಂದು ಪಾಲು. ಕಸ ಬೀಳಲಿ ಎಂದು ಕಾಯಬೇಡಿ.

ಹಸಿರು ಧಾರಾಳವಾಗಿರುವ ಈ ತಿಂಗಳುಗಳಲ್ಲೇ ಕುರಿಗೆ ನೀಲಿ ನಾಲಿಗೆ ರೋಗದ ಕಾಟ. ಹರಡುವುದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿಯಿಂದ, ಕೆಸರಿನಲ್ಲಿ ಅದು ಹೆಚ್ಚುತ್ತದೆ. ರೊಪ್ಪವನ್ನು ದಿಣ್ಣೆಗೆ ಸಾಗಿಸಿ, ಮುಸ್ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ. ಮಳೆಗಾಲದ ಮೊದಲೇ ಲಸಿಕೆ ಆಗಿದ್ದರೆ ಇನ್ನೂ ಒಳ್ಳೆಯದು. ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಒಂದನೆಯ ವಾರದಲ್ಲಿ ಒಂದು ಸಲ, ಎಂಟನೆಯ ವಾರದಲ್ಲಿ ಇನ್ನೊಂದು ಸಲ. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಡೆ ಮುಚ್ಚಿಡಿ.

ಕೊಯ್ಲು

2021ರ ನವೆಂಬರ್‌ನಲ್ಲಿ ಬಿಡದೆ ಸುರಿದ ಮಳೆಗೆ ದಕ್ಷಿಣದ ಜಿಲ್ಲೆಗಳಲ್ಲಿ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು, ಕೊಯ್ದು ಹಾಕಿದ ಹುಲ್ಲು ಕಪ್ಪಾಯಿತು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ನಮ್ಮ ಸುಗ್ಗಿಯ ಮೇಲೆ ಹೀಗೆ ಬೀಳುವುದು ಮತ್ತೆ ಆಗಬಹುದು. ಇರುವ ಹೊಲವನ್ನು ಒಂದೇ ದಿನ ಬಿತ್ತದೆ ಎರಡು ಕಂತಿನಲ್ಲಿ, ಎರಡು ತಳಿಯಲ್ಲಿ ಬಿತ್ತಿದವರಿಗೆ ಅರ್ಧವಾದರೂ ಉಳಿಯುತ್ತದೆ. ಕುಡುಗೋಲು ಹಾಕುವ ಮೊದಲು ಐದು ದಿನದ ಹವಾಮಾನ ನೋಡಿ. ಕೊಯ್ದ ಅರಿ ನೆನೆದರೆ ಮಳೆ ನಿಂತ ಕೂಡಲೇ ಮಗುಚಿ ಹಾಕಿ, ಪೂರ್ತಿ ಒಣಗುವವರೆಗೆ ಒಟ್ಟಬೇಡಿ. ಹಸಿಯಿದ್ದಾಗ ಒಟ್ಟಿದ ಹುಲ್ಲು ಒಳಗೊಳಗೇ ಕಾದು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಹಾಲು ಕೊಡುವ ಹಸುವಿಗೂ ಗಬ್ಬದ ಹಸುವಿಗೂ ಹಾಕದೆ ತಿಪ್ಪೆಗೆ ಹಾಕಿ. ಯಂತ್ರದಲ್ಲಿ ಕೊಯ್ಸಿದರೆ ಕೂಲಿ ಉಳಿಯುತ್ತದೆ, ಆದರೆ ಕೂಳೆ ಎತ್ತರ ಉಳಿದು ಅಷ್ಟು ಹುಲ್ಲು ನಷ್ಟ, ಉಳಿದದ್ದರಲ್ಲೂ ಮಣ್ಣು. ದನ ಇಲ್ಲದವರಿಗೆ ಅದು ಸರಿ. ಇರುವವರಿಗೆ ಮುಯ್ಯಾಳು ಮಾಡಿಕೊಂಡು ಕೈಯಲ್ಲಿ ಕೊಯ್ಯುವುದೇ ಲಾಭ ಎನ್ನುತ್ತೇನೆ.

ಕೊಯ್ದ ಹೊಲಕ್ಕೆ ಕುರಿ ಬಿಡುವಾಗ ಹಸಿದ ಹೊಟ್ಟೆಯಲ್ಲಿ ಬಿಡಬೇಡಿ. ಉದುರಿದ ತೆನೆ, ಕಾಳನ್ನು ಒಮ್ಮೆಲೇ ಮುಕ್ಕಿದರೆ ಹೊಟ್ಟೆಯಲ್ಲಿ ಹುಳಿ ಹೆಚ್ಚಿ, ಉಬ್ಬರಿಸಿ, ಕುರಿ ನೆಲ ಹಿಡಿಯುತ್ತದೆ. ಕಣದ ರಾಶಿಗೆ ಹಸು ಬಾಯಿ ಹಾಕಿದರೂ ಇದೇ ಕಥೆ. ಮೊದಲು ಒಣಹುಲ್ಲು ತಿನ್ನಿಸಿ, ಮೊದಲ ಮೂರು ದಿನ ಅರ್ಧ ಗಂಟೆ, ಒಂದು ಗಂಟೆ ಹೀಗೆ ಮೇಯಿಸುತ್ತಾ ಹೊತ್ತು ಹೆಚ್ಚಿಸಿ. ಕಾಳು ತಿಂದದ್ದು ಗೊತ್ತಾದರೆ ಮೆಲುಕು ನಿಲ್ಲುವವರೆಗೆ ಕಾಯದೆ, ಮತ್ತೆ ಕಾಳು ಸಿಗದಂತೆ ಕಟ್ಟಿಹಾಕಿ, ಹತ್ತಿರದ ಪಶು ವೈದ್ಯರಿಗೆ ತಿಳಿಸಿ ಅಥವಾ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ. ಏನು ತಿಂದಿತು, ಎಷ್ಟು ಹೊತ್ತಾಯಿತು ಎಂಬ ಎರಡು ಮಾತು ಮೊದಲೇ ಹೇಳಿದರೆ ಅವರು ತಕ್ಕ ಔಷಧಿ ಹಿಡಿದೇ ಹೊರಡುತ್ತಾರೆ.