ಆಲಿಸ್ ಸ್ಪ್ರಿಂಗ್ಸ್‌ನ ಗಡ್ಡದ ಓತಿ

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿರುವ ಮಗ ಆಲಿಸ್ ಸ್ಪ್ರಿಂಗ್ಸ್ ಬಳಿ ತೆಗೆದ ಫೋಟೊ ಕಳಿಸಿದ್ದಾನೆ. ಬೇಲಿಗೂಟದ ಮೇಲೆ ಕೂತ, ಮೈತುಂಬ ಮುಳ್ಳಿರುವ ಓತಿ. ಅಲ್ಲಿ ಇದನ್ನು ಡ್ರ್ಯಾಗನ್ ಎನ್ನುತ್ತಾರಂತೆ. ಕೊಮೊಡೊ ಡ್ರ್ಯಾಗನ್‌ಗೂ ಇದಕ್ಕೂ ಸಂಬಂಧವಿದೆಯೇ? ಯಾವ ಪ್ರಭೇದ ಎಂದು ತಿಳಿಯುವುದು ಹೇಗೆ?

ಉತ್ತರ: ಹತ್ತಿರದ ಸಂಬಂಧವಿಲ್ಲ. ಕೊಮೊಡೊ ಡ್ರ್ಯಾಗನ್ ಉಡಗಳ ಪೈಕಿ. ನಿಮ್ಮ ಮಗ ಕಂಡದ್ದು ಅಗಾಮಿಡೇ ಕುಟುಂಬದ ಪ್ರಾಣಿ. ನಮ್ಮ ಹಿತ್ತಲಿನ ಓತಿಕ್ಯಾತನೂ, ಮಲೆನಾಡಿನ ಹಾರುವ ಓತಿಯೂ ಅದೇ ಕುಟುಂಬದವು. ಫೋಟೊ ನೋಡಿದರೆ ಇದು ಸೆಂಟ್ರಲ್ ಬಿಯರ್ಡೆಡ್ ಡ್ರ್ಯಾಗನ್. ವೈಜ್ಞಾನಿಕ ಹೆಸರು ಪೊಗೊನಾ ವಿಟಿಸೆಪ್ಸ್.

ಗುರುತು ಹಿಡಿಯಲು ಬಣ್ಣವನ್ನು ನೆಚ್ಚಿಕೊಳ್ಳಬೇಡಿ. ಬೆಳಗಿನ ಚಳಿಯಲ್ಲಿ ಬಿಸಿಲು ಹೀರಲೆಂದು ಇದರ ಮೈ ಗಾಢವಾಗುತ್ತದೆ, ಹೊತ್ತೇರಿದಂತೆ ತಿಳಿಯಾಗುತ್ತದೆ. ಮುಳ್ಳಿನ ಸಾಲು ಮಾತ್ರ ಹಾಗೆ ಬದಲಾಗುವುದಿಲ್ಲ. ಫೋಟೊ ಹಿಗ್ಗಿಸಿ ತಲೆಯ ಹಿಂಭಾಗ ನೋಡಿ: ಮುಳ್ಳುಗಳು ಅಡ್ಡಲಾಗಿ ಹೆಚ್ಚುಕಡಿಮೆ ನೇರವಾಗಿ ನಿಂತಿವೆ. ದೇಶದ ಪೂರ್ವಭಾಗದ ಪೊಗೊನಾ ಬಾರ್ಬಾಟಾದಲ್ಲಿ ಇದೇ ಸಾಲು ಬಾಗಿರುತ್ತದೆ, ಬಾಯೊಳಗೆ ಸಾಮಾನ್ಯವಾಗಿ ಹಳದಿ ಇರುತ್ತದೆ. ವಿಟಿಸೆಪ್ಸ್‌ನ ಬಾಯಿ ಗುಲಾಬಿ. ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮವೇ ಗಡ್ಡ. ಕೆರಳಿದಾಗ ಅದು ಉಬ್ಬಿ ಕಪ್ಪಾಗುತ್ತದೆ. ಅದೇ ಸೀಮೆಯಲ್ಲಿ ಸಿಗುವ ನೆಟೆಡ್ ಡ್ರ್ಯಾಗನ್‌ಗೆ ಈ ಗಡ್ಡವಿಲ್ಲ, ಮೈಮೇಲೆ ಬಲೆಯಂಥ ಗೆರೆಗಳಿರುತ್ತವೆ.

ಕುಟುಂಬ ಗೊತ್ತಾಗಬೇಕಾದರೆ ಹಲ್ಲು ನೋಡಬೇಕು. ಅಮೆರಿಕದ ಇಗ್ವಾನಾಗಳು ನೋಡಲು ಓತಿಯಂತೆಯೇ ಇದ್ದರೂ ಅವುಗಳ ಹಲ್ಲು ದವಡೆಯ ಒಳಬದಿಗೆ ಅಂಟಿಕೊಂಡಿರುತ್ತವೆ. ಓತಿಗಳಲ್ಲಿ ಹೆಚ್ಚಿನ ಹಲ್ಲುಗಳು ದವಡೆಯ ಅಂಚಿನ ಮೇಲೇ ಬೆಸೆದುಕೊಂಡಿರುತ್ತವೆ. ಊಸರವಳ್ಳಿಯದೂ ಹೀಗೆಯೇ, ಎರಡೂ ಹತ್ತಿರದ ಬಂಧುಗಳೆಂಬುದನ್ನು ಡಿಎನ್‌ಎ ಕೂಡ ಖಚಿತಪಡಿಸಿದೆ.

ಜರ್ಮನಿಯ ಎರ್ನ್‌ಸ್ಟ್ ಆಲ್ 1926ರಲ್ಲಿ ಈ ಪ್ರಭೇದವನ್ನು ವರ್ಣಿಸಿದಾಗ ಅದನ್ನು ಆಂಫಿಬೊಲೂರಸ್ ಕುಲಕ್ಕೆ ಸೇರಿಸಿದ್ದರು. ಆಸ್ಟ್ರೇಲಿಯಾದ ಗ್ಲೆನ್ ಸ್ಟಾರ್ 1982ರಲ್ಲಿ ಗಡ್ಡದ ಓತಿಗಳಿಗೆಂದೇ ಪೊಗೊನಾ ಕುಲವನ್ನು ರಚಿಸಿದರು.

ಇಷ್ಟೆಲ್ಲ ನೋಡಿ ಪ್ರಭೇದ ಹೇಳಬಹುದು, ಗಂಡೋ ಹೆಣ್ಣೋ ಎಂಬುದು ಬೇರೆಯದೇ ಪ್ರಶ್ನೆ. ನನಗೆ ಈ ಪ್ರಾಣಿಯ ಬಗ್ಗೆ ಅತಿ ದೊಡ್ಡ ಬೆರಗು ಇರುವುದು ಇಲ್ಲಿಯೇ. ಇವುಗಳ ಲಿಂಗವನ್ನು ವರ್ಣತಂತುಗಳು ನಿರ್ಧರಿಸುತ್ತವೆ, ನಿಜ. ಆದರೆ ಮೊಟ್ಟೆಗೆ 32 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು ತಗುಲಿದರೆ ವರ್ಣತಂತುವಿನ ಲೆಕ್ಕದಲ್ಲಿ ಗಂಡಾಗಬೇಕಾದ ಮರಿ ಹೆಣ್ಣಾಗಿ ಹೊರಬರಬಹುದು. ಅಂಥ ಹೆಣ್ಣುಗಳು ಮೊಟ್ಟೆಯಿಡುತ್ತವೆ, ಮರಿಗಳೂ ಆಗುತ್ತವೆ. ಪ್ರಯೋಗಾಲಯದಲ್ಲಷ್ಟೇ ಅಲ್ಲ, ಕಾಡಿನಲ್ಲೂ ಹೀಗಾಗುತ್ತಿದೆ ಎಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿಸಿಯೇರುತ್ತಿರುವ ಮರುಭೂಮಿಯಲ್ಲಿ ಇದು ಎಲ್ಲಿಗೆ ಮುಟ್ಟೀತೆಂಬ ಕಳವಳ ಸಂಶೋಧಕರಿಗಿದೆ.

ಮುಂದಿನ ಸಲ ಕಂಡರೆ ತಲೆಯ ನೇರ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಲು ಮಗನಿಗೆ ಹೇಳಿ. ಹಿಡಿಯುವುದು ಮಾತ್ರ ಬೇಡ. ಮನೆಹಲ್ಲಿಯಂತೆ ಇದಕ್ಕೆ ಕಳೆದುಕೊಂಡ ಬಾಲ ಮತ್ತೆ ಬೆಳೆಯುವುದಿಲ್ಲ.