ಪಿಕೆಟ್ಟೂ ಬೇಕು, ಫೈಲೂ ಬೇಕು: ಯುವ ಸೇನಾಧಿಕಾರಿಗೆ ಐದು ಸೂತ್ರಗಳು

1. ಮೊದಲು ಪಲ್ಟನ್. ಕಮಿಷನ್ ಸಿಕ್ಕ ಆರಂಭದ ವರ್ಷಗಳನ್ನು ಜವಾನರ ಜೊತೆಗೇ ಕಳೆಯಿರಿ. ರಾತ್ರಿ ಗಸ್ತಿಗೆ ಹೋಗಿ, ಲಂಗರಿನಲ್ಲಿ ಅವರುಣ್ಣುವ ರೊಟ್ಟಿ ದಾಲನ್ನೇ ಉಣ್ಣಿ. ಸುಬೇದಾರ್ ಸಾಹೇಬರ ಮಾತನ್ನು ಕಿವಿಗೊಟ್ಟು ಕೇಳಿ. ಅವರಿಗೆ ಗೊತ್ತಿರುವುದು ಯಾವ ಪಠ್ಯದಲ್ಲೂ ಸಿಗದು.

2. ಸ್ಟಾಫ್ ಕೆಲಸ ಕೀಳೆಂದುಕೊಳ್ಳಬೇಡಿ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ 1933ರಲ್ಲಿ ಸೇರಿದ ಮೊದಲ ಭಾರತೀಯ ಅಧಿಕಾರಿ ನಮ್ಮ ಕೊಡಗಿನ ಕಾರ್ಯಪ್ಪ. ಕೊಡಗಿನವರೇ ಆದ ತಿಮ್ಮಯ್ಯನವರೂ ಅಲ್ಲೇ ಕಲಿತರು. 25ನೇ ಡಿವಿಷನ್ನಿನಲ್ಲಿ ಸ್ಟಾಫ್ ಅಧಿಕಾರಿಯಾಗಿದ್ದ ಅವರು ಮುಂದೆ ಬರ್ಮಾದ ಅರಾಕಾನಿನಲ್ಲಿ ಬೆಟಾಲಿಯನ್ ನಡೆಸಿದರು. ಎರಡೂ ಕಲಿಕೆ ಒಟ್ಟಿಗೆ ಫಲ ಕೊಟ್ಟದ್ದು 1948ರ ಕಾಶ್ಮೀರ ಯುದ್ಧದಲ್ಲಿ, ಜೋಜಿಲಾ ಕಣಿವೆಯಲ್ಲಿ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಶತ್ರು ಊಹಿಸಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಗೋಪುರ ಕಳಚಿ ಗುಟ್ಟಾಗಿ ಸಾಗಿಸಿದರು. ಹೇಸರಗತ್ತೆ ನಡೆಯುತ್ತಿದ್ದ ಹಾದಿಯನ್ನು ಮದ್ರಾಸ್ ಸ್ಯಾಪರ್ಸ್ ಟ್ಯಾಂಕ್ ಹತ್ತುವಂತೆ ಮಾಡಿದರು. ಯಾವುದು ಯಾವಾಗ ಎಲ್ಲಿಗೆ ಮುಟ್ಟಬೇಕೆಂಬ ಆ ಲೆಕ್ಕಾಚಾರವೆಲ್ಲ ಸ್ಟಾಫ್ ಕೆಲಸವೇ. ನವೆಂಬರ್ 1ರಂದು ದಾಳಿ ಶುರುವಾದಾಗ ಮೇಜರ್ ಜನರಲ್ ತಿಮ್ಮಯ್ಯ ಮುಂಚೂಣಿಯ ಟ್ಯಾಂಕಿನಲ್ಲಿದ್ದರು.

3. ಒಂದೇ ಕಡೆ ಬೇರೂರಬೇಡಿ. 1962ರ ಅಕ್ಟೋಬರಿನಲ್ಲಿ, ಚೀನಾ ಯುದ್ಧದ ಹೊಸ್ತಿಲಲ್ಲಿ, ಈಶಾನ್ಯ ಗಡಿಯ 4ನೇ ಕೋರ್ ವಹಿಸಿಕೊಂಡ ಬಿ.ಎಂ. ಕೌಲ್ ದಿಲ್ಲಿಯ ಸೇನಾ ಕೇಂದ್ರದಲ್ಲಿ ದೊಡ್ಡ ಹುದ್ದೆಗಳಲ್ಲಿದ್ದವರು, ಕಷ್ಟಪಟ್ಟು ದುಡಿಯುವವರು. ಆದರೆ ಯುದ್ಧದಲ್ಲಿ ತುಕಡಿ ನಡೆಸಿದ ಅನುಭವ ಅವರಿಗಿರಲಿಲ್ಲ. ಆ ಗಡಿಯ ನಮ್ಕಾ ಚು ನದಿಯ ದಂಡೆಯಲ್ಲಿ ಜವಾನರು ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ನಿಂತಿದ್ದರು. ವಿಮಾನದಿಂದ ಎಸೆದ ಸಾಮಾನಿನಲ್ಲಿ ಬಹುಪಾಲು ಕಮರಿ ಸೇರಿತ್ತು. ಅಕ್ಟೋಬರ್ 20ರಂದು 7ನೇ ಬ್ರಿಗೇಡ್ ನುಚ್ಚುನೂರಾಯಿತು. ತಪ್ಪು ಕೌಲ್ ಒಬ್ಬರದಲ್ಲ, ದಿಲ್ಲಿಯ ರಾಜಕೀಯ ನಾಯಕತ್ವದ್ದೂ ಹೌದು. ಆದರೂ ಅಂಥ ಜಾಗಕ್ಕೆ ಅಂಥವರನ್ನು ಕಳಿಸಿದ್ದು ಅಕ್ಷಮ್ಯ ಎಂದೇ ನನ್ನ ಅಭಿಪ್ರಾಯ.

4. ಸ್ಟಾಫ್ ಹುದ್ದೆಯಲ್ಲಿದ್ದಾಗ, ಸಹಿ ಹಾಕುವ ಮುನ್ನ ಯೂನಿಟ್ಟಿಗೆ ಫೋನ್ ಮಾಡಿ. ನೀವು ಸಂಜೆ ಕೇಳುವ ಒಂದು ಹೆಚ್ಚುವರಿ ರಿಟರ್ನ್‌ಗಾಗಿ ಗಡಿಯ ಬಂಕರಿನಲ್ಲಿ ಕಂಪನಿ ಕ್ಲಾರ್ಕ್ ಮರಗಟ್ಟಿದ ಬೆರಳಲ್ಲಿ ರಾತ್ರಿಯಿಡೀ ಕಾಲಂ ತುಂಬಬೇಕಾಗುತ್ತದೆ. ಆ ಅಂಕಿ ನಿಜಕ್ಕೂ ಬೇಕೇ? ಬೇಡವಾದರೆ ಕೇಳಲೇಬೇಡಿ. ಚಳಿಗಾಲದ ಬಟ್ಟೆ, ಸೀಮೆಎಣ್ಣೆ, ರಜೆಯ ಅರ್ಜಿ ಇವುಗಳ ಫೈಲು ಮಾತ್ರ ಒಂದು ದಿನವೂ ನಿಮ್ಮ ಮೇಜಿನ ಮೇಲೆ ಕೂರದಿರಲಿ. ಆಗಾಗ ಪೋಸ್ಟಿಗೆ ಖುದ್ದಾಗಿ ಹತ್ತಿ ಹೋಗಿ ನೋಡಿ ಬನ್ನಿ.

5. ವೆಲ್ಲಿಂಗ್ಟನ್ ಪರೀಕ್ಷೆಗೆ ಬೇಗ ಓದಲು ಶುರುಮಾಡಿ. ನೀಲಗಿರಿಯ ಆ ಸ್ಟಾಫ್ ಕಾಲೇಜಿಗೆ ಪೈಪೋಟಿ ಜೋರು. ಅಲ್ಲಿಂದ ಹೊರಬಂದು ಒಂದು ಅವಧಿ ಹೆಡ್‌ಕ್ವಾರ್ಟರ್ಸ್‌ನಲ್ಲಿ ದುಡಿದ ಮೇಲೆ ಮುಂದಿನ ಪೋಸ್ಟಿಂಗ್ ಎಲ್ಲಿ ಬೇಕೆಂದು ಕೇಳಿದರೆ, ದಯವಿಟ್ಟು ದಿಲ್ಲಿ ಎನ್ನಬೇಡಿ. ನಿಮ್ಮ ಪಲ್ಟನ್ ಯಾವ ಗಡಿಯಲ್ಲಿದೆಯೋ ಅದರ ಹೆಸರು ಬರೆದುಕೊಡಿ.